ಎಂಟನೇ ತರಗತಿಗೆ ಲೈಂಗಿಕ ಶಿಕ್ಷಣ: ಬೇಗ ಆಯಿತಾ, ತಡ ಆಯಿತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ 7ನೇ ತರಗತಿ, ಮಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ 9ನೇ ತರಗತಿ. ಹೈಸ್ಕೂಲಿನಲ್ಲಿ ಲೈಂಗಿಕ ಶಿಕ್ಷಣದ ಕ್ಲಾಸು ಶುರುವಾಗುತ್ತದೆ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತು ಬಂದು ದೊಡ್ಡ ಗಲಾಟೆಯೇ ಆಯಿತು. ನಮ್ಮ ಯಜಮಾನರು ಬೇಡವೇ ಬೇಡ ಎನ್ನುತ್ತಾರೆ. ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಎಂದು ಅತ್ತೆ ಹೇಳುತ್ತಾರೆ. ಯಾವ ತರಗತಿಗೆ ಏನು ಹೇಳಬೇಕು ಅಂತ ಸರ್ಕಾರದ ನಿಯಮ ಏನಾದರೂ ಇದೆಯಾ? ಹೇಳಿಕೊಟ್ಟರೆ ಮಕ್ಕಳು ಹಾಳಾಗಲ್ವಾ? 8ನೇ ತರಗತಿಗೇ ಇದು ಬೇಕಾ? — ಹೆಸರು ಹಾಕಬೇಡಿ, ಹಾಸನ ಜಿಲ್ಲೆ

ಉತ್ತರ: ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಬೆರಳು ಮಡಿಸಿ ಲೆಕ್ಕ ಹಾಕಿ ಉತ್ತರ ಹೇಳಬಹುದು.

ಹುಡುಗಿಯರ ಮೈಯಲ್ಲಿ ಬದಲಾವಣೆ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಮೊದಲು ಎದೆ ಚಿಗುರುತ್ತದೆ. ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ನಮ್ಮ ಕಡೆ ಹೆಚ್ಚಿನ ಹುಡುಗಿಯರಿಗೆ ಅದು 12–13ರಲ್ಲಿ ಆಗುತ್ತದೆ, ಕೆಲವರಿಗೆ 10ರಲ್ಲೇ. ಈಗ ಹೇಳಿ, 8ನೇ ತರಗತಿಗೆ ಕಾಲಿಡುವ ಹುಡುಗಿಗೆ ಎಷ್ಟು ವರ್ಷ? ಹದಿಮೂರು. ಆ ಹೊತ್ತಿಗೆ ಕ್ಲಾಸಿನ ಅರ್ಧದಷ್ಟು ಹುಡುಗಿಯರಿಗೆ ಮುಟ್ಟು ಶುರುವಾಗಿಬಿಟ್ಟಿರುತ್ತದೆ. ಮಳೆ ಬಂದು ನಿಂತ ಮೇಲೆ ಕೊಡೆ ಹಂಚಿದ ಹಾಗೆ. ಹಾಗಾಗಿ 8ನೇ ತರಗತಿ ಬೇಗ ಆಯಿತು ಅನ್ನುವುದಕ್ಕಿಂತ ತಡ ಆಯಿತು ಅನ್ನುವುದೇ ನನ್ನ ತಕರಾರು. ಮುಟ್ಟಿನ ಪಾಠ 5ನೇ ತರಗತಿಯಲ್ಲಿ ಆಗಬೇಕು. ನಿಮ್ಮ ಮಗಳ ವಿಷಯದಲ್ಲಿ ಅದಾಗಲೇ ಎರಡು ವರ್ಷ ಕಳೆದಿದೆ.

ನಾನು ಮಕ್ಕಳ ಡಾಕ್ಟರು. ಸರ್ಕಾರಿ ಶಾಲೆಗಳಿಗೆ ಹೋಗಿ ಈ ವಿಷಯ ಮಾತಾಡುತ್ತಾ ಬಂದಿದ್ದೇನೆ. ಮೊದಲ ಸಲ ಹೋದಾಗ ನಲವತ್ತು ನಿಮಿಷ ಹಾರ್ಮೋನು, ಅಂಡಾಶಯ, ಗರ್ಭಕೋಶ ಅಂತ ಬೋರ್ಡಿನ ತುಂಬಾ ಬರೆದೆ. ಬಹಳ ಚೆನ್ನಾಗಿ ಪಾಠ ಮಾಡಿದೆ ಅಂದುಕೊಂಡೆ. ಪ್ರಶ್ನೆ ಇದ್ದರೆ ಹೆಸರಿಲ್ಲದೆ ಚೀಟಿ ಬರೆದು ಡಬ್ಬಿಗೆ ಹಾಕಿ ಎಂದಿದ್ದೆ. ಬಂದ ಚೀಟಿಗಳಲ್ಲಿ ಒಂದರಲ್ಲೂ ಹಾರ್ಮೋನು ಇರಲಿಲ್ಲ. "ಮುಟ್ಟಾದಾಗ ಪರೀಕ್ಷೆ ಬರೆದರೆ ಫೇಲ್ ಆಗ್ತಾರಾ ಸರ್?" "ಒಂದು ಕಡೆ ಎದೆ ದೊಡ್ಡದು, ಒಂದು ಕಡೆ ಚಿಕ್ಕದು, ಕ್ಯಾನ್ಸರಾ?" "ಬಟ್ಟೆ ಎಲ್ಲಿ ಒಣಗಿಸಬೇಕು?" ಆವತ್ತಿನಿಂದ ಡಬ್ಬಿ ಮೊದಲು, ಬೋರ್ಡು ಆಮೇಲೆ. (ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು ಇರುವುದು ಸಹಜ. ಕ್ಯಾನ್ಸರ್ ಅಲ್ಲ. ಇದನ್ನು ಓದುವ ಯಾರಿಗಾದರೂ ಅದೇ ಚಿಂತೆ ಇದ್ದರೆ ಎಂದು ಇಲ್ಲೇ ಹೇಳಿದೆ.)

ಇನ್ನು ನಿಮ್ಮ ಸಭೆಯ ಜಗಳ. ಅದರಲ್ಲಿ ಅರ್ಧ ಆ ಹೆಸರಿನದೇ ಎಂದು ನನಗನ್ನಿಸುತ್ತದೆ. "ಲೈಂಗಿಕ" ಎಂಬ ಪದವನ್ನು ನಾವು ಯಾರೂ ಮನೆಯಲ್ಲಿ ಆಡುವುದಿಲ್ಲ. ಅದು ನಮಗೆ ಗೊತ್ತಾಗಿದ್ದೇ ಪೇಪರಿನಿಂದ. ಲೈಂಗಿಕ ಕಿರುಕುಳ, ಲೈಂಗಿಕ ದೌರ್ಜನ್ಯ. ಅಪರಾಧದ ಸುದ್ದಿಯಲ್ಲಿ ಮಾತ್ರ ಕೇಳಿದ ಪದದ ಪಕ್ಕ "ಶಿಕ್ಷಣ" ಸೇರಿಸಿ ಶಾಲೆಗೆ ತಂದರೆ ಯಾವ ಅಪ್ಪ ತಾನೇ ಬೆಚ್ಚುವುದಿಲ್ಲ? ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಜಾರ್ಖಂಡ್‌ನಲ್ಲಿ 2006ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಥದ್ದೇ ಪಾಠ ನಡೆಯುತ್ತಿದೆ. ಅಲ್ಲಿ ಅದರ ಹೆಸರು "ಉಡಾನ್", ಅಂದರೆ ಹಾರಾಟ. 2024ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಅದನ್ನು ಒಳ್ಳೆಯ ಉದಾಹರಣೆಯಾಗಿ ಎತ್ತಿ ತೋರಿಸಿತು. ಹೆಸರಿನ ವಿಷಯದಲ್ಲಿ ಅಷ್ಟು ಜಾಣತನ ನಾವೂ ತೋರಿಸಬಹುದಿತ್ತು.

ಅತ್ತೆಯವರ ಮಾತಿಗೆ ಬರೋಣ. ಅವರಿಗೆ ಒಂದು ಮಾತು ಮೆಲ್ಲಗೆ ನೆನಪಿಸಿ. ಹಳೇ ಮೈಸೂರು ಸೀಮೆಯಲ್ಲಿ ಹುಡುಗಿ ಮೈನೆರೆದರೆ ಒಸಗೆ ಮಾಡುತ್ತಿದ್ದರು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಿದ್ದ. ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಹಾಡು ಹೇಳಿ ಆರತಿ ಎತ್ತುತ್ತಿದ್ದರು. ಈಗಲೂ ಕೆಲವು ಕಡೆ ಛತ್ರ ಹಿಡಿದು, ಫ್ಲೆಕ್ಸ್ ಹಾಕಿ ಮಾಡುವವರಿದ್ದಾರೆ. ಹುಡುಗಿ ದೊಡ್ಡವಳಾದಳು ಅಂತ ಊರಿಗೆಲ್ಲ ಗೊತ್ತು. ಮೈಯಲ್ಲಿ ಆಗಿದ್ದೇನು, ರಕ್ತ ಯಾಕೆ ಬಂತು, ಮುಂದಿನ ತಿಂಗಳೂ ಬರುತ್ತಾ ಅನ್ನುವುದು ಮಾತ್ರ ಆ ಹುಡುಗಿಗೇ ಗೊತ್ತಿರುತ್ತಿರಲಿಲ್ಲ. ಅತ್ತೆಯವರಿಗೆ ಅವರ ಮೊದಲ ದಿನ ನೆನಪಿರುತ್ತದೆ. ಯಾರು ಏನು ಹೇಳಿದ್ದರು ಅಂತ ಕೇಳಿ ನೋಡಿ.

ನಿಯಮ ಇದೆಯಾ ಎಂದು ಕೇಳಿದ್ದೀರಿ. ಯಾವ ತರಗತಿಗೆ ಯಾವ ಪಾಠ ಎಂದು ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಎಲ್ಲ ಶಾಲೆಯೂ ಪಾಲಿಸಲೇಬೇಕು ಎನ್ನುವ ರೀತಿಯದು ನಮ್ಮಲ್ಲಿಲ್ಲ. ಚೂರು ಚೂರಾಗಿ ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿದೆ. ಯಾಕೆ ಹೀಗಾಯಿತು ಅನ್ನುವುದಕ್ಕೆ ಸ್ವಲ್ಪ ಹಳೇ ಕಥೆ ಹೇಳಬೇಕು.

ಏಡ್ಸ್ ಭಯ ಜೋರಾಗಿದ್ದ ಕಾಲದಲ್ಲಿ, 2005ರ ಸುಮಾರಿಗೆ, ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತು. ಅದರ ಚಿತ್ರಪಟಗಳು ಶಾಲೆಗೆ ಬಂದಾಗ, ಚಿತ್ರಗಳು ಅತಿಯಾದವು ಎಂದು ಗದ್ದಲವಾಯಿತು. 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಜೊತೆಗೆ ನಮ್ಮ ಕರ್ನಾಟಕವೂ ಬೇಡ ಎಂದಿತು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಇರಬಾರದು ಎಂದೇ ವರದಿ ಕೊಟ್ಟಿತು. ಆಗಿನ ವಿರೋಧ ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಮೇಷ್ಟ್ರಿಗೆ ತಯಾರಿ ಕೊಡದೆ, ಅಪ್ಪ ಅಮ್ಮಂದಿರಿಗೆ ಒಂದು ಮಾತು ತಿಳಿಸದೆ ಚಿತ್ರ ಕಳಿಸಿದರೆ ಹಾಗೇ ಆಗುವುದು. ಆದರೆ ಚಿತ್ರ ಸರಿಯಿಲ್ಲ ಎಂದು ಪಾಠವನ್ನೇ ಬಾವಿಗೆ ತಳ್ಳಿದೆವು. ಆ ವರ್ಷ ಶಾಲೆಯಲ್ಲಿದ್ದ ಮಕ್ಕಳು ಈಗ ಅಪ್ಪ ಅಮ್ಮ ಆಗಿದ್ದಾರೆ. ತಮಗೆ ಯಾರೂ ಹೇಳದಿದ್ದುದನ್ನು ಈಗ ಅವರು ಮಕ್ಕಳಿಗೆ ಹೇಗೆ ಹೇಳುತ್ತಾರೆ?

ಮುಂದೆ ಬಂದಿದ್ದೆಲ್ಲ ಹಿತ್ತಲ ಬಾಗಿಲಿನಿಂದ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಕೆಳಗೆ 2020ರಲ್ಲಿ ಹೊಸ ನಿಯಮಗಳಾದವು. ಮಕ್ಕಳಿಗೆ ತಮ್ಮ ಮೈಯ ಸುರಕ್ಷತೆಯ ಬಗ್ಗೆ ವಯಸ್ಸಿಗೆ ತಕ್ಕ ಪಾಠ ತಯಾರಿಸಬೇಕಾದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕೆಲಸ ಎಂದು ಅದರಲ್ಲೇ ಬರೆದಿದೆ. ಅದೇ 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಒಂದೊಂದು ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬರು ಗಂಡಸು, ಒಬ್ಬರು ಹೆಂಗಸು, ತರಬೇತಿ ಪಡೆದು ವಾರಕ್ಕೊಂದು ಪಾಠ ಮಾಡಬೇಕು. ಒಟ್ಟು 11 ವಿಷಯ. ಊಟ, ಮನಸ್ಸು, ನಶೆ, ಇಂಟರ್‌ನೆಟ್, ಗಂಡು ಹೆಣ್ಣಿನ ಸಮಾನತೆ ಎಲ್ಲ ಸೇರಿ. ಅದರ ನಡುವೆ ಬೆಳೆಯುವ ಮೈ, ಸಂತಾನದ ಆರೋಗ್ಯ, ಎಚ್‌ಐವಿ, ಹಿಂಸೆಯಿಂದ ರಕ್ಷಣೆಯೂ ಇವೆ. ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿದೆ. ಆದರೆ ಶುರುವಾದ ಮರುತಿಂಗಳೇ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ಕೆಲವು ಶಾಲೆಗಳಲ್ಲಿ ಆ ಇಬ್ಬರು ಶಿಕ್ಷಕರು ಯಾರು ಅಂತ ಅವರಿಗೇ ಮರೆತಿದೆ.

ನಿಮ್ಮ ಸಭೆಯಲ್ಲಿ ಮಾತು ಬಂದಿದ್ದು ಬಹುಶಃ 2025ರ ಮಾರ್ಚ್‌ನ ಸುದ್ದಿಯದು. 8ರಿಂದ 12ನೇ ತರಗತಿಯವರೆಗೆ ವೈದ್ಯರಿಂದ ವಾರಕ್ಕೆರಡು ಸಲ ಇಂಥ ಪಾಠ ಮಾಡಿಸುತ್ತೇವೆ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 9ನೇ ತರಗತಿವರೆಗೆ ಕಾಯುವುದು ಬೇಡ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಹೇಳಿ ಎಂದಿತು. ನನ್ನ ಲೆಕ್ಕಕ್ಕೆ ಕೋರ್ಟಿನದು ಹತ್ತಿರ ಬರುತ್ತದೆ.

ಹಾಗಾದರೆ ಯಾವ ವಯಸ್ಸಿಗೆ ಏನು? ಪ್ರಪಂಚದಲ್ಲಿ ಹೆಚ್ಚಿನವರು ನೋಡುವ ಅಳತೆಗೋಲು ವಿಶ್ವಸಂಸ್ಥೆಯ ಶಿಕ್ಷಣ ವಿಭಾಗವಾದ ಯುನೆಸ್ಕೋದ್ದು. 2009ರಲ್ಲಿ ಬಂತು, 2018ರಲ್ಲಿ ತಿದ್ದಿದರು. ಅದು 5 ವರ್ಷದಿಂದಲೇ ಶುರುವಾಗುತ್ತದೆ. ಐದು ವರ್ಷಕ್ಕಾ ಎಂದು ಗಾಬರಿಯಾಗಬೇಡಿ. ಆ ವಯಸ್ಸಿನ ಪಾಠ ಎಂದರೆ ಮೈಯ ಎಲ್ಲ ಭಾಗಕ್ಕೂ ಹೆಸರಿದೆ, ನಿನ್ನ ಮೈ ನಿನ್ನದು, ಬೇಡ ಅನ್ನಿಸಿದರೆ ಬೇಡ ಅನ್ನಬಹುದು, ಮಾಮನೇ ಆಗಲಿ ಮೇಷ್ಟ್ರೇ ಆಗಲಿ "ಅಮ್ಮಂಗೆ ಹೇಳಬೇಡ" ಅಂದರೆ ಮೊದಲು ಅಮ್ಮನಿಗೇ ಹೇಳು. ಅಷ್ಟೇ. ಇದರಲ್ಲಿ ಅತ್ತೆಯವರೂ ಬೇಡ ಅನ್ನುವಂಥದ್ದು ಏನಿದೆ?

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಶಾಲೆಗಳಲ್ಲಿ "ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ" ಎಂದು ಹೇಳಿಕೊಡುತ್ತಾರೆ. ಆ ಮಾತು ನನಗೆ ಅಷ್ಟು ಇಷ್ಟವಿಲ್ಲ. ಕೆಟ್ಟದ್ದು ಮಾಡುವವರು ಮೊದಲ ದಿನವೇ ಕೆಟ್ಟದಾಗಿ ಮುಟ್ಟುವುದಿಲ್ಲ. ಚಾಕೊಲೇಟ್ ಕೊಡುತ್ತಾರೆ, ತಲೆ ಸವರುತ್ತಾರೆ, ಕಚಗುಳಿ ಇಡುತ್ತಾರೆ. ಮಗುವಿಗೆ ಅದು ಕೆಟ್ಟದ್ದು ಅನ್ನಿಸುವುದೇ ಇಲ್ಲ. ಆಮೇಲೆ ಗೊತ್ತಾದಾಗ, ನನಗೆ ಆಗ ಖುಷಿಯಾಗಿತ್ತಲ್ಲ, ತಪ್ಪು ನನ್ನದೇ ಎಂದು ಮಗು ಒಳಗೊಳಗೇ ಕೊರಗುತ್ತದೆ. ಅದಕ್ಕೇ "ಸುರಕ್ಷಿತ, ಅಸುರಕ್ಷಿತ" ಎನ್ನುವುದು ಮೇಲು. ಹೇಗನ್ನಿಸಿತು ಎಂದು ಕೇಳುವ ಬದಲು ಯಾರು, ಎಲ್ಲಿ, ಯಾಕೆ ಮುಟ್ಟಿದರು, ಗುಟ್ಟಾಗಿಡು ಅಂದರಾ ಎಂದು ಕೇಳಬೇಕು. ದೇಶದ ಅಪರಾಧ ದಾಖಲೆ ತೆಗೆದು ನೋಡಿದರೆ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಆರೋಪಿ ಮಗುವಿಗೆ ಗೊತ್ತಿದ್ದವನೇ. ಅಪರಿಚಿತರ ಜೊತೆ ಮಾತಾಡಬೇಡ ಎಂದಷ್ಟೇ ಹೇಳಿಕೊಟ್ಟರೆ ಉಳಿದ ಒಂಬತ್ತಕ್ಕೆ ಏನು ದಾರಿ?

9ರಿಂದ 12 ವರ್ಷದ ಮಕ್ಕಳಿಗೆ ಬದಲಾಗುವ ಮೈ. ಮುಟ್ಟು, ಪ್ಯಾಡು, ಸ್ನಾನ, ಬೆವರು, ಮೊಡವೆ, ದನಿ ಒಡೆಯುವುದು. ಹುಡುಗ ಹುಡುಗಿ ಇಬ್ಬರಿಗೂ ಎರಡೂ ಗೊತ್ತಿರಬೇಕು. ಹುಡುಗರನ್ನು ಆಟಕ್ಕೆ ಕಳಿಸಿ ಹುಡುಗಿಯರನ್ನು ಮಾತ್ರ ಕೂರಿಸಿ ಮುಟ್ಟಿನ ಪಾಠ ಮಾಡುವ ಶಾಲೆಗಳೇ ಜಾಸ್ತಿ. ಲಂಗದ ಮೇಲಿನ ಕಲೆ ನೋಡಿ ನಗುವ ಹುಡುಗ ತಯಾರಾಗುವುದು ಅಲ್ಲೇ. 8ನೇ ತರಗತಿ ವಿಜ್ಞಾನದಲ್ಲಿ ಹದಿಹರೆಯದ ಪಾಠ, 10ನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಮೊದಲಿನಿಂದಲೂ ಇವೆ. ಹಾಗಾಗಿ ಇದೆಲ್ಲ ಹೊಸದಾಗಿ ಬರುತ್ತಿದೆ ಅನ್ನುವುದೂ ಸರಿಯಲ್ಲ. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸುವ ಮೇಷ್ಟ್ರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಈಗ ನಿಮ್ಮ ಮಗ. ನಿಮ್ಮ ಪತ್ರದಲ್ಲಿ ಮಗಳ ಚಿಂತೆಯೇ ಎದ್ದು ಕಾಣುತ್ತದೆ. 9ನೇ ತರಗತಿ ಎಂದು ಬರೆದು ಅವನನ್ನು ಅಲ್ಲೇ ಬಿಟ್ಟಿದ್ದೀರಿ. ನಮ್ಮಲ್ಲಿ ಹುಡುಗರ ಕಥೆಯೇ ಹೀಗೆ. ಅವರಿಗೆ ಆರತಿಯೂ ಇಲ್ಲ, ಪಾಠವೂ ಇಲ್ಲ. ಅವರ ಮೇಷ್ಟ್ರು ಯಾರು ಗೊತ್ತಾ? ಬಸ್‌ ಸ್ಟ್ಯಾಂಡ್ ಗೋಡೆಯ ಮೇಲಿನ "ಗುಪ್ತ ರೋಗ"ದ ಪೋಸ್ಟರು. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದರೆ ಧಾತು ಹೋಯಿತು, ಶಕ್ತಿ ಹೋಯಿತು, ಮುಂದೆ ಮದುವೆಗೆ ಲಾಯಕ್ಕಿಲ್ಲ ಎಂದು ಹೆದರಿ, ಊಟ ಬಿಟ್ಟು, ಓದು ಬಿಟ್ಟು ನನ್ನ ಮುಂದೆ ಕೂತ ಹುಡುಗರಿಗೆ ಲೆಕ್ಕವಿಲ್ಲ. ಈ ಭಯಕ್ಕೆ ಮಾನಸಿಕ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ನಮ್ಮ ದೇಶದ ಮನೋವೈದ್ಯ ಎನ್‌. ಎನ್‌. ವಿಗ್ 1960ರಲ್ಲಿ ಅದಕ್ಕೆ "ಧಾತ್ ಸಿಂಡ್ರೋಮ್" ಎಂದು ಹೆಸರಿಟ್ಟರು. ಮದ್ದು ಎರಡೇ ಮಾತು: ಇದು ಹೆಚ್ಚಿನ ಹುಡುಗರಿಗೆ ಆಗುವಂಥದ್ದೇ, ಇದರಿಂದ ಶಕ್ತಿ ಹೋಗುವುದಿಲ್ಲ. ಇದನ್ನು ಶಾಲೆಯಲ್ಲಿ 7ನೇ ತರಗತಿಯಲ್ಲಿ ಹೇಳಿದ್ದರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತಿತ್ತು.

ಅವನಿಗೆ ಕಾನೂನೂ ಗೊತ್ತಿರಬೇಕು. ಪೋಕ್ಸೋದಲ್ಲಿ 18 ತುಂಬದವರೆಲ್ಲ ಮಕ್ಕಳೇ. 17 ವರ್ಷದ ಹುಡುಗಿ "ನಾನೇ ಒಪ್ಪಿ ಹೋದೆ" ಎಂದರೂ ಆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹುಡುಗ ಜೈಲಿಗೆ ಹೋಗಬಹುದು. ಪ್ರೀತಿಸಿ ಓಡಿಹೋದ ಇಂಥದ್ದೇ ಒಂದು ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, 9ನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೋ ಬಗ್ಗೆ ತಿಳಿಸಲು ಏರ್ಪಾಡು ಮಾಡಿ ಎಂದು ಶಿಕ್ಷಣ ಇಲಾಖೆಗೆ ಹೇಳಿತು. ಜೊತೆಗೆ ಫೋನು. ತನ್ನ ವಯಸ್ಸಿನವಳದೇ ಬೆತ್ತಲೆ ಫೋಟೋ ಸುಮ್ನೆ ಫಾರ್ವರ್ಡ್ ಮಾಡಿದರೂ ಮಾಹಿತಿ ತಂತ್ರಜ್ಞಾನದ (ಐಟಿ) ಕಾಯ್ದೆಯ 67ಬಿ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. 14–15ರ ಹುಡುಗರಿಗೆ ಇದು ತಮಾಷೆ. ಅದು ತಮಾಷೆ ಅಲ್ಲ ಅಂತ ಅವರಿಗೆ ಯಾರು ಹೇಳಿದ್ದಾರೆ?

ಹೇಳಿಕೊಟ್ಟರೆ ಹಾಳಾಗುತ್ತಾರಾ? ಹಲವು ದೇಶಗಳ ಅಧ್ಯಯನಗಳನ್ನು ಯುನೆಸ್ಕೋ ಒಟ್ಟಿಗೆ ಇಟ್ಟು ನೋಡಿದೆ. ಈ ಪಾಠದಿಂದ ಮಕ್ಕಳು ಬೇಗ ಸಂಬಂಧಕ್ಕೆ ಇಳಿಯುತ್ತಾರೆ ಎನ್ನುವುದು ಎಲ್ಲೂ ಕಂಡಿಲ್ಲ. ಕೆಲವು ಕಡೆ ತಡವಾಗಿದ್ದೂ ಇದೆ. ನಮ್ಮ ರಾಜ್ಯದ್ದೇ ಹೇಳುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ 20–24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹೆಚ್ಚಿನವರಿಗೆ ಯಾವ ಪಾಠವೂ ಆಗಿರಲಿಕ್ಕಿಲ್ಲ. ಆ ಹುಡುಗಿಯರಿಗೆ ಗಂಡನ ಮನೆಯೇ ಶಾಲೆ. ಚಿಕ್ಕ ಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರು ಆ ಮದುವೆಗಳ ಊಟಕ್ಕೆ ಹೋಗಿ ಅಕ್ಷತೆ ಹಾಕಿ ಬಂದಿರುತ್ತಾರೆ. ಕ್ಷಮಿಸಿ, ಮಾತು ಸ್ವಲ್ಪ ಖಾರವಾಯಿತು.

ಪಾಠ ಯಾರು ಮಾಡಬೇಕು ಎಂಬುದರಲ್ಲಿ ಸರ್ಕಾರದ ಯೋಚನೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟೋ ಕಡೆ ಇರುವುದು ಒಬ್ಬರೇ ಡಾಕ್ಟರು. ಬೆಳಿಗ್ಗೆ ಹೊರರೋಗಿಗಳ ಸಾಲು, ಮಧ್ಯಾಹ್ನ ಮೀಟಿಂಗು. ಅವರು ವಾರಕ್ಕೆರಡು ಸಲ ಎಲ್ಲ ಹೈಸ್ಕೂಲಿಗೂ ಹೋಗುತ್ತಾರೆ ಎನ್ನುವುದನ್ನು ಡಾಕ್ಟರಾದ ನಾನೇ ನಂಬಲಾರೆ. ಹೋದರೂ, ಬಿಳಿ ಕೋಟು ನೋಡಿದ ಮಕ್ಕಳು ಇದನ್ನು ರೋಗ ಎಂದುಕೊಳ್ಳುತ್ತಾರೆ. ದಿನಾ ಕಾಣುವ ಟೀಚರು, ತರಬೇತಿ ಪಡೆದು, ನಾಚದೆ ಮಾತಾಡಿದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಡಾಕ್ಟರು ವರ್ಷಕ್ಕೆ ಒಂದೆರಡು ಸಲ ಬಂದು ಡಬ್ಬಿಯ ಚೀಟಿಗೆ ಉತ್ತರ ಹೇಳಲಿ.

ಇನ್ನೊಂದು ಮುಖ್ಯ ಮಾತು. ಪಾಠ ಶುರುವಾದ ಮೇಲೆ ಯಾವುದೋ ಒಂದು ಮಗು ಬಾಯಿ ಬಿಡುತ್ತದೆ. "ಟೀಚರ್, ನನಗೂ ಹೀಗಾಗಿದೆ." ಆಗ ಏನು ಮಾಡಬೇಕೆಂದು ಟೀಚರಿಗೆ ಮೊದಲೇ ಗೊತ್ತಿರಬೇಕು. ಪೋಕ್ಸೋ 19ನೇ ಕಲಮಿನಂತೆ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೆ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಏನು ಮಾಡಬೇಕು ಎಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಈ ತಯಾರಿ ಇಲ್ಲದ ಶಾಲೆಯಲ್ಲಿ ಪಾಠ ಶುರು ಮಾಡುವುದು ಬಾಗಿಲು ತಟ್ಟಿ ಓಡಿಹೋದ ಹಾಗೆ.

ನಿಮಗೆ ದಾರಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಮುಂದಿನ ಸಭೆಯಲ್ಲಿ ಬೇಕು ಬೇಡದ ಜಗಳ ಬಿಟ್ಟು ಬೇರೆ ಪ್ರಶ್ನೆ ಕೇಳಿ. ತರಬೇತಿ ಆದ ಆ ಇಬ್ಬರು ಶಿಕ್ಷಕರು ಯಾರು? ಯಾವ ಪುಸ್ತಕದಿಂದ ಹೇಳುತ್ತಾರೆ, ನಮಗೆ ಮೊದಲು ತೋರಿಸಿ. ಹುಡುಗರಿಗೂ ಹೇಳುತ್ತಾರಾ? ಶುಚಿ ಯೋಜನೆಯ ಪ್ಯಾಡು ಬರುತ್ತಿದೆಯಾ, ಶೌಚಾಲಯದಲ್ಲಿ ನೀರಿದೆಯಾ, ಬಾಗಿಲಿಗೆ ಚಿಲಕ ಇದೆಯಾ? ಚಿಲಕವಿಲ್ಲದ ಶೌಚಾಲಯ ಇಟ್ಟುಕೊಂಡು ಮುಟ್ಟಿನ ಸ್ವಚ್ಛತೆಯ ಪಾಠ ಮಾಡಿದರೆ ಹುಡುಗಿಯರು ಮನಸ್ಸಿನಲ್ಲೇ ನಗುತ್ತಾರೆ. ಪುಸ್ತಕ ಒಮ್ಮೆ ಕೈಗೆ ಬಂದರೆ ಯಜಮಾನರೂ ಓದಲಿ. ಓದಿದ ಮೇಲೂ ಬೇಡ ಅಂದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಮಗಳಿಗೆ ಮುಟ್ಟಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲವಾದರೆ ಶಾಲೆಗೆ ಕಾಯಬೇಡಿ, ಈ ವಾರವೇ ಹೇಳಿ. ಪ್ಯಾಡ್ ಕೈಗೆ ಕೊಟ್ಟು ಒಳಉಡುಪಿಗೆ ಹೇಗೆ ಅಂಟಿಸುವುದು ಎಂದು ತೋರಿಸಿ. ಒಂದನ್ನು ಅವಳ ಬ್ಯಾಗಿನಲ್ಲಿ ಇಡಿ. ಮೊದಲ ಒಂದೆರಡು ವರ್ಷ ತಿಂಗಳಿಗೆ ಸರಿಯಾಗಿ ಬರದೇ ಇರಬಹುದು, ಹೆದರಬೇಕಿಲ್ಲ. ಗಂಟೆಗೊಂದು ಪ್ಯಾಡ್ ತೊಯ್ದುಹೋಗುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಶಾಲೆಗೆ ಹೋಗಲಾರದಷ್ಟು ನೋವಿದ್ದರೆ ಅಥವಾ 15 ತುಂಬಿದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದ್ದರೆ ಅಲ್ಲಿಗೇ ಹೋಗಿ. ಮಗನನ್ನೂ ಕರೆದುಕೊಂಡು ಹೋಗಬಹುದು. ನೀವು ಹೊರಗೆ ಕೂತು, ಅವನೊಬ್ಬನನ್ನೇ ಒಳಗೆ ಕಳಿಸಿ.